ಗಾಂಧಿ ಕ್ಲಾಸ್: ಸೀಟಿನ ಸೂಜಿಗೆ ಹೆದರೋ ಹೀರೋಗಳೇ, ಇಲ್ಲಿ ಕೇಳಿ!

ಥಿಯೇಟರಿನಲ್ಲಿ ಕೂರುವ ಮುಂಚೆ ಸೀಟನ್ನು ಕೈಯಲ್ಲಿ ತಡವಿ ನೋಡುವವರು ನಿಮ್ಮಲ್ಲಿ ಎಷ್ಟು ಜನ? ತಿಗಣೆಗೆ ಹೆದರಿ ತಡವುವವರನ್ನು ಬಿಡಿ, ಅದು ಗಾಂಧಿ ಕ್ಲಾಸಿನ ಹಳೇ ಸಂಪ್ರದಾಯ! ನಾನು ಕೇಳ್ತಿರೋದು ಸೂಜಿಗೆ ಹೆದರುವವರನ್ನು. ಯಾರೋ ಪಾಪಿ ಸೀಟಿನ ಸ್ಪಂಜಿನೊಳಗೆ ಸಿರಿಂಜ್ ಸಿಕ್ಕಿಸಿ ಇಟ್ಟಿರ್ತಾನಂತೆ, ಕೂತವನು ಚುಚ್ಚಿಕೊಂಡು ಎದ್ದರೆ ಪಕ್ಕದಲ್ಲೇ ಒಂದು ಚೀಟಿಯಂತೆ, ಅದರಲ್ಲಿ ಏಡ್ಸ್ ಲೋಕಕ್ಕೆ ಸ್ವಾಗತ ಅಂತ ಬರೆದಿರುತ್ತಂತೆ... ಈ 'ಅಂತೆ'ಗಳ ಕಥೆ ಇಪ್ಪತ್ತೈದು ವರ್ಷದಿಂದ ಓಡುತ್ತಿದೆ. ಮೊದಲು ಬಾಯಿಂದ ಬಾಯಿಗೆ, ಆಮೇಲೆ ಈಮೇಲಿನಲ್ಲಿ, ಈಗ ವಾಟ್ಸಾಪಿನಲ್ಲಿ. ಊರು ಬದಲಾಗುತ್ತದೆ, ಥಿಯೇಟರ್ ಬದಲಾಗುತ್ತದೆ, ಸೂಜಿ ಮಾತ್ರ ಅದೇ. ಇಂಥ ರನ್ನಿಂಗ್ ನಮ್ಮ ಯಾವ ನಿರ್ಮಾಪಕನಿಗೂ ಸಿಕ್ಕಿಲ್ಲ.

ಸ್ವಾಮಿ, ಸಿನಿಮಾ ಸೀಟಿನಿಂದ ಎಚ್‌ಐವಿ ಅಂಟಿದ ಒಂದೇ ಒಂದು ಪ್ರಕರಣ ಜಗತ್ತಿನಲ್ಲಿ ಎಲ್ಲೂ ದಾಖಲಾಗಿಲ್ಲ. ಆಸ್ಪತ್ರೆಯಲ್ಲಿ ಸೋಂಕಿರುವವರ ರಕ್ತ ತೆಗೆದ ಸೂಜಿಯೇ ನರ್ಸಮ್ಮನ ಕೈಗೆ ಚುಚ್ಚಿಕೊಂಡಾಗ ಕೂಡ ಸೋಂಕು ಹತ್ತುವುದು 10,000 ಸಲಕ್ಕೆ ಸುಮಾರು 23 ಸಲ. ಅದೂ ಹಸಿ ರಕ್ತ, ಆಗ ತಾನೇ ತೆಗೆದ ಸೂಜಿ. ಒಣಗಿದ ರಕ್ತದಲ್ಲಿ ಈ ವೈರಸ್ ಬೇಗ ಸೊರಗಿ ಹೋಗುತ್ತದೆ. ಆದ್ದರಿಂದ ಆರಾಮಾಗಿ ಕೂತು ಸಿನಿಮಾ ನೋಡಿ.

ಈ ವಾರ ಸಿನಿಮಾ ಬಿಟ್ಟು ಈ ಪುರಾಣ ಯಾಕೆ ತೆಗೆದೆ ಅಂತೀರಾ? ಒಂದು ಕಾಗದ ಬಂದಿದೆ. ಹೆಸರಿಲ್ಲ, ಊರಿಲ್ಲ, ಅಂಚೆ ಮುದ್ರೆಯೂ ಮಸಿ ಮೆತ್ತಿಕೊಂಡಿದೆ. ಬರೆದವರಿಗೆ ಇಪ್ಪತ್ಮೂರು ವರ್ಷ. ತಮಗಿಂತ ದೊಡ್ಡವರಾದ ಒಬ್ಬ ಗೆಳೆಯನ ಜೊತೆ ಒಂದು ವರ್ಷದಿಂದ ದೇಹ ಸಂಬಂಧ ಇದೆಯಂತೆ. ದೀಪಾವಳಿ ಕಳೆದ ಮೇಲೆ ಮದುವೆ, ಹುಡುಗಿ ಗೊತ್ತಾಗಿದೆ. ಕೊನೆಗೆ ಒಂದು ಪ್ರಶ್ನೆ ಕೇಳಿದ್ದಾರೆ. "ನಾನು ಯಾವತ್ತೂ ಕೆಟ್ಟ ಹೆಂಗಸರ ಹತ್ತಿರ ಹೋದವನಲ್ಲ. ನಾವಿಬ್ಬರೂ ಗಂಡಸರೇ ಆದ್ದರಿಂದ ಆ ಕಾಯಿಲೆ ಭಯ ಇಲ್ಲ ತಾನೆ?"

ವಿಳಾಸ ಕೊಟ್ಟಿದ್ದರೆ ಅವತ್ತೇ ಉತ್ತರ ಹಾಕ್ತಿದ್ದೆ. ಕೊಟ್ಟಿಲ್ಲ. ಈ ಪುಟ ಬಿಟ್ಟರೆ ನನಗೆ ಅವರನ್ನು ಮುಟ್ಟಲು ಬೇರೆ ದಾರಿಯಿಲ್ಲ. ನಾನು ಡಾಕ್ಟರಲ್ಲ, ಪಿಯುಸಿ ಅರ್ಧಕ್ಕೆ ಬಿಟ್ಟು ಬಂದ ಬರಹಗಾರ. ಆದರೆ ಈ ವಿಷಯ ಅಷ್ಟೇನೂ ಬ್ರಹ್ಮವಿದ್ಯೆಯಲ್ಲ, ನಮಗೆ ಯಾರೂ ಹೇಳಿಕೊಡಲಿಲ್ಲ ಅಷ್ಟೇ. ಹೈಸ್ಕೂಲಿನಲ್ಲಿ ಆ ಪಾಠ ಬಂದಾಗ ಮೇಷ್ಟ್ರು "ಇದನ್ನ ನೀವೇ ಮನೇಲಿ ಓದ್ಕೊಳ್ಳಿ" ಅಂತ ಹಾಳೆ ಮಗುಚಿದ್ದು ನಿಮ್ಮ ತರಗತಿಯಲ್ಲೂ ನಡೆದಿರಬೇಕು.

ಮೊದಲು ನಮ್ಮ ಲೋಕದಿಂದಲೇ ಶುರು ಮಾಡೋಣ. ಚುಂಬನ! ರಾಕ್ ಹಡ್ಸನ್ ಗೊತ್ತಲ್ಲ, ಆರಡಿ ಮೀರಿದ ಆಳು, ಹಾಲಿವುಡ್ಡಿನ ಹೆಂಗಳೆಯರ ಕನಸಿನ ರಾಜ. 1985ರ ಜುಲೈನಲ್ಲಿ ಅವರಿಗೆ ಏಡ್ಸ್ ಅಂತ ಸುದ್ದಿ ಹೊರಬಿತ್ತು, ಅಕ್ಟೋಬರ್ 2ಕ್ಕೆ ತೀರಿಕೊಂಡರು. ಅಷ್ಟರಲ್ಲಿ 'ಡೈನಾಸ್ಟಿ' ಅನ್ನೋ ಟೀವಿ ಧಾರಾವಾಹಿಯಲ್ಲಿ ಲಿಂಡಾ ಇವಾನ್ಸ್‌ಗೆ ಮುತ್ತು ಕೊಟ್ಟಿದ್ದರು. ಅಮೆರಿಕಾಗೆ ಅಮೆರಿಕಾನೇ ನಡುಗಿಹೋಯಿತು. ತುಟಿ ತೆರೆದು ಮುತ್ತಿಡುವ ದೃಶ್ಯವಿದ್ದರೆ ನಟ ನಟಿಯರಿಗೆ ಮುಂಚೆಯೇ ತಿಳಿಸಬೇಕು ಅಂತ ಅಲ್ಲಿನ ಕಲಾವಿದರ ಸಂಘ ನಿಯಮವನ್ನೇ ಮಾಡಿಬಿಟ್ಟಿತು. ಲಿಂಡಾಗೆ ಏನಾಯ್ತು? ಏನೂ ಆಗಲಿಲ್ಲ. ಎಂಜಲಿನಿಂದ ಎಚ್‌ಐವಿ ಬರೋದಿಲ್ಲ. ಬೆವರು, ಕಣ್ಣೀರು, ಸೊಳ್ಳೆ, ಒಂದೇ ತಟ್ಟೆ, ಒಂದೇ ಟಾಯ್ಲೆಟ್ಟು, ಅಪ್ಪುಗೆ... ಯಾವುದರಿಂದಲೂ ಇಲ್ಲ. ಕೈಯಿಂದ ಮಾಡಿಕೊಳ್ಳುವುದು, ಮಾಡಿಸಿಕೊಳ್ಳುವುದು, ಇವುಗಳಿಂದಲೂ ಇಲ್ಲ. ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡು ಕೇಳಿ, ತಪ್ಪೇನಿಲ್ಲ. ಆದರೆ ಅಲ್ಲಿ ಹೆದರಬೇಕಾದ್ದು ಕಾಮಾಲೆ ತರುವ ಹೆಪಟೈಟಿಸ್ ಬಿ ವೈರಸ್ಸಿಗೆ.

ಹಾಗಾದರೆ ಬರೋದು ಎಲ್ಲಿಂದ? ರಕ್ತ, ವೀರ್ಯ, ವೀರ್ಯಕ್ಕೆ ಮುಂಚೆ ಬರುವ ಅಂಟುನೀರು, ಯೋನಿಯ ಸ್ರಾವ, ಗುದದ ಒಳಗಿನ ಸ್ರಾವ, ತಾಯಿಯ ಎದೆಹಾಲು. ಇಷ್ಟೇ. ಇವುಗಳಲ್ಲಿ ಒಂದು ಹೋಗಿ ಇನ್ನೊಬ್ಬರ ಒಳಪದರಕ್ಕೋ ರಕ್ತಕ್ಕೋ ಸೇರಬೇಕು. ಅದಕ್ಕೇ ನಾನು ಹೇಳೋದು, 'ಯಾರ ಜೊತೆ' ಅನ್ನೋ ಪ್ರಶ್ನೆಗಿಂತ 'ಏನು ಮಾಡಿದಿರಿ' ಅನ್ನೋ ಪ್ರಶ್ನೆ ದೊಡ್ಡದು. ವೈರಸ್ಸಿಗೆ ಒಳ್ಳೆ ಹೆಂಗಸು, ಕೆಟ್ಟ ಹೆಂಗಸು ಅನ್ನೋ ಜಾತಿ ಗೊತ್ತಿಲ್ಲ. ಅದಕ್ಕೆ ಬೇಕಾದ್ದು ದಾರಿ.

ಯಾವ ದಾರಿ ಎಷ್ಟು ಅಗಲ ಅಂತ ಲೆಕ್ಕ ಹಾಕಿದವರಿದ್ದಾರೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದವರು 2014ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ಒಂದು ಅಂದಾಜು ಕೊಟ್ಟರು. ಜೊತೆಗಾರರಿಗೆ ಸೋಂಕಿದೆ, ಮಾತ್ರೆ ತಗೊಳ್ತಿಲ್ಲ, ಕಾಂಡೋಮ್ ಇಲ್ಲ ಅಂತ ಇಟ್ಕೊಳ್ಳಿ. ಗಂಡು ಹೆಣ್ಣಿನ ಸಾಮಾನ್ಯ ಸಂಭೋಗದಲ್ಲಿ ಗಂಡಸಿಗೆ ಅಂಟುವುದು 10,000 ಸಲಕ್ಕೆ ಸುಮಾರು 4 ಸಲ. ಅದೇ ಹೆಣ್ಣಿಗೆ ಅಂಟುವುದು 8 ಸಲ, ಅಂದರೆ ನಮಗಿಂತ ಎರಡು ಪಟ್ಟು! ಗುದದ್ವಾರದ ಸಂಭೋಗದಲ್ಲಿ ಮೇಲಿರುವವರಿಗೆ 11 ಸಲ. ಇನ್ನು ಗುದದ್ವಾರದಲ್ಲಿ ಸ್ವೀಕರಿಸುವವರಿಗೆ? 138 ಸಲ. ಬಾಯಿಯಿಂದ ಮಾಡುವುದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ, ಆದರೆ ಪೂರ್ತಿ ಸೊನ್ನೆ ಅಲ್ಲ. ವಸಡಿನಲ್ಲಿ ರಕ್ತ, ಬಾಯಲ್ಲಿ ಹುಣ್ಣು ಇದ್ದರೆ ಸ್ವಲ್ಪ ಹೆಚ್ಚು.

ಕಾಗದ ಬರೆದ ಗೆಳೆಯರೇ, ಆ 138 ನೋಡಿದಿರಾ? ಗಂಡಸರಿಬ್ಬರಾದರೆ ಭಯವಿಲ್ಲ ಅಂದಿರಲ್ಲ, ನಿಜ ಅದಕ್ಕೆ ಪೂರ್ತಿ ಉಲ್ಟಾ. ಇದು ಪಾಪಕ್ಕೆ ಸಿಕ್ಕ ಶಿಕ್ಷೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಗುದದ ಒಳಪದರ ಜೀವಕೋಶಗಳ ಒಂದೇ ಒಂದು ಸಾಲು, ಈರುಳ್ಳಿ ಪೊರೆಯ ಹಾಗೆ ತೆಳು. ಅಲ್ಲಿ ಸಹಜವಾದ ಜಾರುವಿಕೆ ಇಲ್ಲ, ಬೇಗ ಗೀರಿ ಹೋಗುತ್ತದೆ, ಗೀರಿದ್ದು ಕಣ್ಣಿಗೂ ಕಾಣೋದಿಲ್ಲ, ನೋವೂ ಆಗೋದಿಲ್ಲ. ಅದರ ಕೆಳಗೇ ಈ ವೈರಸ್ ಹುಡುಕಿಕೊಂಡು ಬರುವ ಬಿಳಿ ರಕ್ತಕಣಗಳು ದಂಡಿಯಾಗಿ ಕೂತಿವೆ. ಹೆಣ್ಣಿನ ಗುದದ್ವಾರವೂ ಹೀಗೇ. "ಹುಡುಗಿ ಬಸುರಿ ಆಗಬಾರದು ಅಂತ ಆ ಕಡೆಯಿಂದ" ಅನ್ನುವ ಜಾಣರು ಇದನ್ನು ಎರಡು ಸಲ ಓದಿ.

ಈಗ ಇನ್ನೊಂದು ಗುಂಪಿನವರು ಕಾಲ ಮೇಲೆ ಕಾಲು ಹಾಕ್ಕೊಂಡು ಕೂತಿರ್ತೀರಿ. "ನಮ್ಮದು ಬರೀ 4 ತಾನೇ ಗುರೂ, 2,500 ಸಲಕ್ಕೆ ಒಂದು!" ಲಾಟರಿ ಕೊಂಡವರಿಗೆ ಗೊತ್ತು, ಬಹುಮಾನದ ಟಿಕೆಟ್ ಕಟ್ಟಿನ ಕೊನೆಯಲ್ಲೇ ಇರುತ್ತೆ ಅಂತ ಯಾರೂ ಬರೆದುಕೊಟ್ಟಿಲ್ಲ. ಮೊದಲನೆಯದೇ ಆಗಬಹುದು. (ಲಾಟರಿ ನಮ್ಮ ರಾಜ್ಯದಲ್ಲಿ 2007ರಲ್ಲೇ ನಿಂತುಹೋಯಿತು, ಹೋಲಿಕೆ ಮಾತ್ರ ಉಳಿದಿದೆ.) ಮತ್ತೆ ಇದು ಸರಾಸರಿ ಲೆಕ್ಕ. ಇಬ್ಬರಲ್ಲಿ ಯಾರಿಗಾದರೂ ಅಲ್ಲಿ ಹುಣ್ಣು, ಕೀವು, ಸಿಫಿಲಿಸ್ ಥರದ್ದು ಇದ್ದರೆ 4 ಅನ್ನೋದು 4 ಆಗಿ ಉಳಿಯಲ್ಲ, ಹಲವು ಪಟ್ಟು ಏರುತ್ತೆ. ಇನ್ನೂ ಒಂದು ಮೋಸ ಇದೆ. ಸೋಂಕು ಹತ್ತಿದ ಮೊದಲ ಕೆಲವು ವಾರಗಳಲ್ಲಿ ರಕ್ತದಲ್ಲಿ ವೈರಸ್ ವಿಪರೀತ ಇರುತ್ತದೆ. ಆ ಹೊತ್ತಿನಲ್ಲಿ ಒಂದು ಸಣ್ಣ ಜ್ವರ ಬಂದು ಹೋಗಬಹುದು, ಅದೂ ಬರದೇ ಇರಬಹುದು. ಅವರಿಗೇ ಗೊತ್ತಿರೋದಿಲ್ಲ. ಆಮೇಲೆ ವರ್ಷಗಟ್ಟಲೆ ಆಳು ಗುಂಡುಕಲ್ಲಿನ ಹಾಗೇ ಓಡಾಡ್ತಾನೆ. ಮುಖ ನೋಡಿ ಹೇಳ್ತೀನಿ ಅನ್ನುವವನು ಕವಡೆ ಶಾಸ್ತ್ರ ಹೇಳಲಿಕ್ಕೆ ಹೋಗಲಿ.

ಈ ಸಣ್ಣ ದಾರಿಯಲ್ಲೇ ನಮ್ಮ ದೇಶದಲ್ಲಿ ಅತಿ ಹೆಚ್ಚು ಜನಕ್ಕೆ ಸೋಂಕು ಬಂದಿದೆ ಅನ್ನೋದನ್ನು ಮರೀಬೇಡಿ. 1986ರಲ್ಲಿ ಮದ್ರಾಸಿನಲ್ಲಿ ಡಾಕ್ಟರ್ ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಮೊದಲು ಇದನ್ನು ಪತ್ತೆ ಮಾಡಿದಾಗ, ಅದು ಎಲ್ಲೋ ಹೊರಗಿನವರ ಕಾಯಿಲೆ ಅಂತ ಜನ ಕೈ ತೊಳೆದುಕೊಂಡರು. ಇವತ್ತು ದೇಶದಲ್ಲಿ ಸುಮಾರು 25 ಲಕ್ಷ ಜನ ಇದರೊಂದಿಗೆ ಬದುಕುತ್ತಿದ್ದಾರೆ. ಗಂಡನನ್ನು ಬಿಟ್ಟು ಬೇರೆ ಯಾರನ್ನೂ ಕಣ್ಣೆತ್ತಿ ನೋಡದ ಎಷ್ಟೋ ಹೆಣ್ಣುಮಕ್ಕಳು ಈ ಲೆಕ್ಕದಲ್ಲಿ ಸೇರಿದ್ದಾರೆ. ಅವರ ಪಾಲಿನ 8ಕ್ಕೆ ಯಾರು ಹೊಣೆ?

ಇನ್ನು ಕಾಂಡೋಮ್. ನಿರೋಧ್ ಅಂದ್ರೆ ನಗ್ತೀರಿ, ಗೊತ್ತು. ಅರವತ್ತರ ದಶಕದ ಕೊನೆಯಿಂದ ನಮ್ಮ ಸರ್ಕಾರ ಹಂಚುತ್ತಿರುವ ಸರಕು ಅದು, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಸರಿಯಾಗಿ, ಪ್ರತಿ ಸಲವೂ, ಶುರುವಿನಿಂದಲೇ ಹಾಕಿಕೊಂಡರೆ ಇದರಷ್ಟು ಅಗ್ಗದ ಬಾಡಿಗಾರ್ಡ್ ಇಲ್ಲ. ಆದರೆ ನಮ್ಮ ಹುಡುಗರು ಮಾಡೋ ಎಡವಟ್ಟು ನೋಡಿ. ಜಾರಲಿ ಅಂತ ಕೊಬ್ಬರಿ ಎಣ್ಣೆ ಸವರ್ತಾರೆ! ಎಣ್ಣೆ, ವ್ಯಾಸಲೀನು, ಮುಖದ ಕ್ರೀಮು ಯಾವುದು ತಾಗಿದರೂ ಆ ರಬ್ಬರು ನಿಮಿಷಗಳಲ್ಲಿ ಸೊರಗಿ ಹರಿಯುತ್ತದೆ. ಬೇಕಾದ್ದು ನೀರಿನ ಅಂಶದ ಜೆಲ್ಲಿ, ಮೆಡಿಕಲ್ ಸ್ಟೋರಿನಲ್ಲಿ ಕೇಳಿದರೆ ಕೊಡ್ತಾರೆ. ಗುದದ್ವಾರದ ಸಂಭೋಗಕ್ಕೆ ಅದಿಲ್ಲದೆ ಕಾಂಡೋಮ್ ಹಾಕಿದರೂ ಅರ್ಧ ಹಾಕಿದಂತೆ. ಎರಡು ಒಟ್ಟಿಗೆ ಹಾಕಿದರೆ ಡಬಲ್ ರಕ್ಷಣೆ ಅಂದುಕೊಂಡವರಿದ್ದಾರೆ, ಅವು ಒಂದಕ್ಕೊಂದು ಉಜ್ಜಿ ಎರಡೂ ಹರಿಯುತ್ತವೆ. ಹಿಂದಿನ ಜೇಬಿನ ಪರ್ಸಿನಲ್ಲಿ ಆರು ತಿಂಗಳು ಕೂತು ಬೆಂದ ಪೊಟ್ಟಣವನ್ನು ಎಸೆಯಿರಿ. 'ಹೊರಗೆ ಬಿಟ್ಟರೆ ಆಯ್ತು' ಅನ್ನೋದಂತೂ ಲೆಕ್ಕಕ್ಕೇ ಇಲ್ಲ, ಅಂಟುನೀರಿನ ಮಾತು ಮೇಲೇ ಹೇಳಿದೆ.

ಹರಿದೇ ಹೋಯಿತು, ಅಥವಾ ಆ ಹೊತ್ತಿಗೆ ನೆನಪೇ ಬರಲಿಲ್ಲ. ಆಗ? ಇಲ್ಲಿ ಗಡಿಯಾರ ನೋಡಬೇಕು ಸಾರ್. 72 ಗಂಟೆ. ಮೂರು ದಿನದೊಳಗೆ ತಡೆಮಾತ್ರೆ ಶುರು ಮಾಡಿದರೆ ವೈರಸ್ ಬೇರು ಬಿಡುವ ಮುಂಚೆಯೇ ಕಿತ್ತು ಹಾಕಬಹುದು. ಪೆಪ್ ಅಂತಾರೆ ಅದಕ್ಕೆ. 28 ದಿನ ತಪ್ಪದೆ ತಗೋಬೇಕು. ಮೊದಲ ದಿನವೇ ಹೋದಷ್ಟು ಒಳ್ಳೇದು, ನಾಲ್ಕನೇ ದಿನ ಹೋದರೆ ಪ್ರಯೋಜನವಿಲ್ಲ. ಜಿಲ್ಲಾ ಆಸ್ಪತ್ರೆಯ ಎಆರ್‌ಟಿ ಕೇಂದ್ರದಲ್ಲಿ ಕೇಳಿ, ಅಲ್ಲಿ ತಡವಾಗುವುದಾದರೆ ಕಾಯುತ್ತಾ ಕೂರದೆ ಖಾಸಗಿ ಡಾಕ್ಟರ ಹತ್ತಿರ ಓಡಿ. ಪದೇ ಪದೇ ಇಂಥ ಸಂದರ್ಭ ಬರುವವರಿಗೆ ಮುಂಚಿತವಾಗಿಯೇ ತಗೊಳ್ಳುವ ಮಾತ್ರೆಯೂ ಇದೆ, ಹೆಸರು ಪ್ರೆಪ್. ಡಾಕ್ಟರ ಚೀಟಿಯ ಮೇಲೆ ಸಿಗುತ್ತೆ, ಶುರುವಿಗೆ ಮುಂಚೆ ರಕ್ತ ಪರೀಕ್ಷೆ ಆಗಲೇಬೇಕು.

ಇಷ್ಟು ಓದಿ ನಿಮಗೆ ಬೆವರು ಬಂದಿದ್ದರೆ, ಈಗ ಇಡೀ ಕಥೆಯ ಇಂಟರ್ವಲ್ ನಂತರದ ಭಾಗ ಕೇಳಿ. ಮೇಲೆ 'ಮಾತ್ರೆ ತಗೊಳ್ತಿಲ್ಲ' ಅಂತ ಒಂದು ಷರತ್ತು ಹಾಕಿದ್ದೆ, ಗಮನಿಸಿದಿರಾ? ಮಾತ್ರೆ ತಗೊಳ್ತಿದ್ದರೆ, ರಕ್ತದಲ್ಲಿ ವೈರಸ್ ಲೆಕ್ಕಕ್ಕೆ ಸಿಗದಷ್ಟು ಇಳಿದಿದ್ದರೆ? ಯೂರೋಪಿನ 14 ದೇಶಗಳಲ್ಲಿ ಗಂಡಸು ಗಂಡಸರ ಸುಮಾರು 780 ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿದರು. ಒಬ್ಬರಿಗೆ ಸೋಂಕು, ಇನ್ನೊಬ್ಬರಿಗೆ ಇಲ್ಲ. ಸೋಂಕಿರುವವರು ದಿನಾ ಮಾತ್ರೆ ನುಂಗ್ತಾರೆ. ಕಾಂಡೋಮ್ ಇಲ್ಲದೆ 76,000 ಮೀರಿ ಸಲ ಗುದದ್ವಾರದ ಸಂಭೋಗ ನಡೆಯಿತು. ಅದೇ 138ರ ದಾರಿ! 15 ಜನಕ್ಕೆ ಹೊಸದಾಗಿ ಸೋಂಕು ಬಂತು. ಆದರೆ ವೈರಸ್ಸಿನ ಜಾತಕ ತೆಗೆದು ನೋಡಿದರೆ ಅಷ್ಟೂ ಬಂದಿದ್ದು ಹೊರಗಿನಿಂದ. ಮಾತ್ರೆ ನುಂಗುವ ಸಂಗಾತಿಯಿಂದ ಬಂದದ್ದು ಸೊನ್ನೆ. 2019ರಲ್ಲಿ ಇದು ಪ್ರಕಟವಾದ ಮೇಲೆ ಡಾಕ್ಟರುಗಳ ನಡುವೆ ವಾದ ಮುಗಿಯಿತು. ಪತ್ತೆಯಾಗದಷ್ಟು ಇಳಿದರೆ ಸಂಭೋಗದಿಂದ ಹರಡುವುದಿಲ್ಲ.

ರಾಕ್ ಹಡ್ಸನ್‌ಗೆ ಈ ಮಾತ್ರೆ ಇರಲಿಲ್ಲ. 2015ರ ನವೆಂಬರ್‌ನಲ್ಲಿ ಚಾರ್ಲಿ ಶೀನ್ ಟೀವಿಯಲ್ಲಿ ಕೂತು ನನಗೆ ಎಚ್‌ಐವಿ ಇದೆ ಅಂದಾಗ, ಸೋಂಕು ಗೊತ್ತಾಗಿ ಆಗಲೇ ನಾಲ್ಕು ವರ್ಷವಾಗಿತ್ತು, ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದಿತ್ತು. ಮೂವತ್ತು ವರ್ಷದಲ್ಲಿ ಬಂದ ವ್ಯತ್ಯಾಸ ಅದು. ಆ ಮಾತ್ರೆಯನ್ನು ನಮ್ಮ ದೇಶದಲ್ಲಿ 2004ರ ಏಪ್ರಿಲ್‌ನಿಂದ ಸರ್ಕಾರ ಉಚಿತವಾಗಿ ಕೊಡುತ್ತಿದೆ. 2017ರಿಂದ ಸೋಂಕು ಖಚಿತವಾದ ಕೂಡಲೇ ಶುರು ಮಾಡ್ತಾರೆ, ದೇಹ ಸೊರಗುವವರೆಗೂ ಕಾಯಿಸೋದಿಲ್ಲ.

ಆದರೂ ಪರೀಕ್ಷೆಗೆ ಹೋಗಲಿಕ್ಕೆ ಯಾಕೆ ಹೆದರ್ತೀವಿ? ಸಿನಿಮಾನೇ ಉತ್ತರ ಹೇಳಿದೆ. 2004ರ 'ಫಿರ್ ಮಿಲೇಂಗೆ'ಯಲ್ಲಿ ನಮ್ಮ ಮಂಗಳೂರಿನ ಹುಡುಗಿ ಶಿಲ್ಪಾ ಶೆಟ್ಟಿಗೆ ಸೋಂಕು ಗೊತ್ತಾದದ್ದೇ ಕೆಲಸ ಹೋಗುತ್ತದೆ. 2005ರ 'ಮೈ ಬ್ರದರ್ ನಿಖಿಲ್' ಇನ್ನೂ ಕಠೋರ, ಪೊಲೀಸರು ನಾಯಕನನ್ನು ಎಳೆದೊಯ್ದು ಕೂಡಿಹಾಕುತ್ತಾರೆ. ಕಥೆ ಹೆಣೆದವರ ಕಲ್ಪನೆ ಅಲ್ಲ ಅದು. ಗೋವಾದಲ್ಲಿ 1989ರಲ್ಲಿ ಡೊಮಿನಿಕ್ ಡಿಸೋಜಾ ಅನ್ನುವ ಯುವಕನನ್ನು, ರಕ್ತದಾನ ಮಾಡಿದಾಗ ಸೋಂಕು ಪತ್ತೆಯಾಯಿತು ಅನ್ನೋ ಒಂದೇ ಕಾರಣಕ್ಕೆ, ಎರಡು ತಿಂಗಳು ಮೀರಿ ಒಂಟಿಯಾಗಿ ಕೂಡಿಹಾಕಿದ್ದರು. ಈಗ ಹಾಗೆ ಮಾಡಿದರೆ ಮಾಡಿದವರೇ ಕಾನೂನಿಗೆ ಉತ್ತರ ಹೇಳಬೇಕು. 2017ರಲ್ಲಿ ಬಂದ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಊರಿಗೆಲ್ಲ ಸಾರುವಂತಿಲ್ಲ, ಕೆಲಸದಿಂದ ತೆಗೆಯುವಂತಿಲ್ಲ. ಅದಕ್ಕೆ ನಾಲ್ಕು ದಿನ ಮುಂಚೆ, ಅದೇ ಸೆಪ್ಟೆಂಬರ್ 6ರಂದು, ವಯಸ್ಕ ಗಂಡಸರಿಬ್ಬರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಹಾಗಾಗಿ ಡಾಕ್ಟರ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಬಹುದು. ಮುಖ ಸಿಂಡರಿಸುವವರು ಸಿಕ್ಕಾರು, ಇಲ್ಲ ಅನ್ನಲಾರೆ. ಇನ್ನೊಬ್ಬರ ಹತ್ತಿರ ಹೋಗಿ.

ಈಗ ಹೆಸರಿಲ್ಲದ ಗೆಳೆಯರೇ, ನಿಮ್ಮ ಪ್ರಶ್ನೆಗೆ ನೇರ ಉತ್ತರ. ಭಯ ಇದೆ. ಆದರೆ ಬಂದೇ ಬಿಟ್ಟಿದೆ ಅಂತಲ್ಲ. ನಿಮ್ಮ ಗೆಳೆಯರಿಗೆ ಸೋಂಕು ಇಲ್ಲದಿದ್ದರೆ ಅವರಿಂದ ನಿಮಗೆ ಬರಲಿಕ್ಕೆ ಏನೂ ಇಲ್ಲ. ಅದು ಗೊತ್ತಾಗೋದು ಪರೀಕ್ಷೆಯಿಂದ ಮಾತ್ರ. ಈ ವಾರವೇ ತಾಲೂಕು ಆಸ್ಪತ್ರೆಗೆ ಹೋಗಿ ಐಸಿಟಿಸಿ ಎಲ್ಲಿದೆ ಅಂತ ಕೇಳಿ. ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರ ಅದು, ದುಡ್ಡಿಲ್ಲ. ನಿಮ್ಮ ಊರಿನಲ್ಲಿ ಗುರುತಿನವರು ಸಿಗ್ತಾರೆ ಅನ್ನೋ ಅಂಜಿಕೆ ಇದ್ದರೆ ಬಸ್ ಹತ್ತಿ ಪಕ್ಕದ ಜಿಲ್ಲೆಗೆ ಹೋಗಿ. ಸಿಫಿಲಿಸ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ನಿಮ್ಮ ಗೆಳೆಯರನ್ನೂ ಕರೆದುಕೊಂಡು ಹೋಗಿ, ಅವರು ನಕ್ಕರೆ ನೀವು ಒಬ್ಬರೇ ಹೋಗಿ.

ಇಲ್ಲ ಅಂತ ಬಂದರೂ ಒಂದು ತೊಡಕಿದೆ. ಸೋಂಕು ಹತ್ತಿದ ಹೊಸದರಲ್ಲಿ ಪರೀಕ್ಷೆಗೆ ಅದು ಕಾಣೋದಿಲ್ಲ. ಕೊನೆಯ ಸಲ ಕಾಂಡೋಮ್ ಇಲ್ಲದೆ ಸೇರಿದ ದಿನದಿಂದ ಮೂರು ತಿಂಗಳು ಕಳೆದ ಮೇಲೆ ಇನ್ನೊಮ್ಮೆ ನೋಡಿಸಿದರೆ ಮಾತ್ರ ಆ ಚೀಟಿಗೆ ಬೆಲೆ. ಕ್ಯಾಲೆಂಡರ್ ತೆಗೆದು ದೀಪಾವಳಿಯಿಂದ ಹಿಂದಕ್ಕೆ ಎಣಿಸಿ. ದಿನ ಸಾಲದಿದ್ದರೆ ಮದುವೆ ಮುಂದಕ್ಕೆ ಹಾಕಿ. ಕಾಮಾಲೆ ಅನ್ನಿ, ಜಾತಕ ಅನ್ನಿ, ಛತ್ರ ಸಿಗಲಿಲ್ಲ ಅನ್ನಿ. ಅಷ್ಟು ಸುಳ್ಳಿಗೆ ಆ ಹುಡುಗಿ ಮುಂದೆ ಒಂದು ದಿನ ನಿಮ್ಮನ್ನು ಬೈಯಲಾರಳು. ಅದಕ್ಕಿಂತ ದೊಡ್ಡ ಮಾತು ನಿಮಗೆ ಈ ಮದುವೆ ಬೇಕೇ ಅನ್ನೋದು. ಅದನ್ನು ನೀವೇ ಕೇಳಿಕೊಳ್ಳಬೇಕು, ಅವಳಿಗೂ ಅದನ್ನು ತಿಳಿಯುವ ಹಕ್ಕಿದೆ ಅನ್ನೋದು ನನ್ನ ಅಭಿಪ್ರಾಯ.

ಇದೆ ಅಂತ ಬಂದರೆ? ಅದನ್ನು ಖಚಿತ ಮಾಡಲು ಬೇರೆ ಬೇರೆ ಕಿಟ್ಟುಗಳಲ್ಲಿ ಮೂರು ಸಲ ನೋಡ್ತಾರೆ. ಮಾತ್ರೆ ಶುರುವಾಗುತ್ತೆ. ತಪ್ಪದೆ ನುಂಗಿದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿಯುತ್ತೆ. ಆಮೇಲೆ ದುಡಿಮೆ ಇದೆ, ಪ್ರೀತಿ ಇದೆ, ಬೇಕಾದರೆ ಸೋಂಕಿಲ್ಲದ ಮಕ್ಕಳೂ ಉಂಟು. ನಿಮಗೆ ನೇಣು ಹಗ್ಗ ನೆನಪಾಗುವ ಅಗತ್ಯವಿಲ್ಲ ಅಂತ ಸ್ಪಷ್ಟವಾಗಿ ಬರೀತಿದ್ದೀನಿ, ಯಾಕಂದ್ರೆ ನಿಮ್ಮ ಕಾಗದದ ಕೊನೆಯ ಸಾಲು ನನಗೆ ಹಿಡಿಸಲಿಲ್ಲ.

ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಫೋನಿನಲ್ಲಿ 1097 ಒತ್ತಿ. ಸರ್ಕಾರದ ಏಡ್ಸ್ ಸಹಾಯವಾಣಿ, ಕಾಸು ಬೀಳೋದಿಲ್ಲ. ಪರೀಕ್ಷೆ ಆದ ಮೇಲೆ ನನಗೆ ಇನ್ನೊಂದು ಕಾಗದ ಹಾಕಿ. ಈ ಸಲವೂ ಹೆಸರು ಬರೀಬೇಡಿ, ನಿಮ್ಮ ಅಕ್ಷರ ನನಗೆ ಗುರುತು ಸಿಗುತ್ತೆ.